ಗರ್ಭಾರಂಭದ ಹಾರ್ಮೋನುಗಳೂ ಗರ್ಭಸ್ರಾವದ ಶಂಕೆಯೂ

ಗರ್ಭಸ್ರಾವ, ಗರ್ಭಪಾತ ಎಂಬ ಎರಡು ಶಬ್ದಗಳನ್ನು ನಾವು ಈಗ ಹೆಚ್ಚಾಗಿ ಭೇದವೆಣಿಸದೆ ಬಳಸುತ್ತೇವೆ. ಹಿಂದಿನ ವೈದ್ಯಶಾಸ್ತ್ರಕಾರರು ಹಾಗೆ ಬಳಸಿದವರಲ್ಲ. ನಾಲ್ಕನೆಯ ತಿಂಗಳವರೆಗೆ ಗರ್ಭವು ಸ್ರವಿಸುವುದೆಂದೂ, ಅಲ್ಲಿಂದ ಮುಂದೆ ಶರೀರವು ಸ್ಥಿರಗೊಂಡಿರುವುದರಿಂದ ಐದಾರನೆಯ ತಿಂಗಳುಗಳಲ್ಲಿ ಅದು ಬೀಳುವುದೆಂದೂ ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ವಿಭಾಗಿಸಿ ಹೇಳಿದೆ. ಅದೇ ಪ್ರಕರಣದಲ್ಲಿ ಒಂದು ಹಣ್ಣಿನ ದೃಷ್ಟಾಂತವೂ ಉಂಟು. ಮಾಗಿದ ಹಣ್ಣು ಕಾಲ ಬಂದಾಗ ತೊಟ್ಟಿನಿಂದ ತಾನೇ ಕಳಚಿಕೊಳ್ಳುವಂತೆ ಪ್ರಸವವು ನಡೆಯುತ್ತದೆ. ಹುಳು, ಗಾಳಿ, ಪೆಟ್ಟು ಇವುಗಳ ಬಾಧೆಯಿಂದ ಹಣ್ಣು ಅಕಾಲದಲ್ಲಿ ಉದುರುವಂತೆ ಗರ್ಭವೂ ಅಕಾಲದಲ್ಲಿ ಜಾರುತ್ತದೆ. ಇಲ್ಲಿ ಹೇಳಿರುವ ಮೂರು ಕಾರಣಗಳಲ್ಲಿ ಗಾಳಿ ಪೆಟ್ಟುಗಳು ಹೊರಗಿನವು, ಹುಳು ಒಳಗಿನದು. ನಮ್ಮ ಮನೆಗಳಲ್ಲಿ ನಿಂತುಳಿದದ್ದು ಮಾತ್ರ ಹೊರಗಿನ ಎರಡೇ. ಕೊಡ ಎತ್ತಿದಳು, ಮೆಟ್ಟಿಲು ಹತ್ತಿದಳು, ಬಂಡಿಯಲ್ಲಿ ಹೋದಳು, ಪರಂಗಿಹಣ್ಣು ತಿಂದಳು ಎಂಬ ಮಾತುಗಳನ್ನು ಕೇಳದವರು ಯಾರು? ಕನ್ನಡದ ನುಡಿಗಟ್ಟು ಈ ವಿಷಯದಲ್ಲಿ ಮನೆಯವರಿಗಿಂತ ಹೆಚ್ಚು ನ್ಯಾಯವಾಗಿದೆ. 'ಗರ್ಭ ನಿಲ್ಲಲಿಲ್ಲ' ಎನ್ನುವಾಗ ವಾಕ್ಯದ ಕರ್ತೃ ಗರ್ಭವೇ ಹೊರತು ಹೆಂಗಸಲ್ಲ.

ಈಚೆಗೆ ಈ ಅಪವಾದಗಳ ಪಟ್ಟಿಗೆ ಮತ್ತೊಂದು ಸೇರಿದೆ. ರಕ್ತವನ್ನು ಪರೀಕ್ಷಿಸಿ ಬರೆದುಕೊಟ್ಟ ಚೀಟಿಯಲ್ಲಿ ಒಂದು ಅಂಕೆ ಇರುತ್ತದೆ. ಅದು 'ಕಡಮೆ'ಯೆಂದು ಕಂಡರೆ, ಹಾರ್ಮೋನು ಸಾಲದೆ ಗರ್ಭ ಹೋಗುತ್ತದೆಂದು ಮನೆಮಂದಿಯೆಲ್ಲ ನಿಶ್ಚಯಿಸಿಬಿಡುತ್ತಾರೆ. ಆ ಅಂಕೆಯು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದೇ ಪ್ರಕೃತ ಲೇಖನದ ವಿಷಯ. ಈ ವಿಚಾರದಲ್ಲಿ ಗುರುತನ್ನು ಕಾರಣವೆಂದು ಭ್ರಮಿಸಿದುದರಿಂದ ಹಿಂದೊಮ್ಮೆ ದೊಡ್ಡ ಅನರ್ಥ ನಡೆದುಹೋಗಿದೆ. ಅದನ್ನು ಮುಂದೆ ಹೇಳುತ್ತೇನೆ.

ಹಾರ್ಮೋನು ಎಂಬ ಶಬ್ದವನ್ನು ೧೯೦೫ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗನು ಬಳಕೆಗೆ ತಂದನು. 'ಪ್ರಚೋದಿಸು' ಎಂಬರ್ಥದ ಗ್ರೀಕ್ ಧಾತುವಿನಿಂದ ಅದು ಹುಟ್ಟಿದೆ. ಒಂದು ಅಂಗದಲ್ಲಿ ಹುಟ್ಟಿ, ರಕ್ತದಲ್ಲಿ ಹರಿದು, ದೂರದ ಇನ್ನೊಂದು ಅಂಗವನ್ನು ಕೆಲಸಕ್ಕೆ ಎಬ್ಬಿಸುವ ರಸವಿಶೇಷವೆಂದು ಇದರ ತಾತ್ಪರ್ಯ. ಗರ್ಭಾರಂಭದಲ್ಲಿ ಇಂತಹ ಎರಡು ರಸಗಳು ಮುಖ್ಯವಾದುವು. ಅಂಡಾಶಯದಿಂದ ಅಂಡವು ಹೊರಬಿದ್ದ ಮೇಲೆ ಅದು ಇದ್ದ ಕೋಶವು ಹಳದಿ ಬಣ್ಣದ ಒಂದು ಗ್ರಂಥಿಯಾಗಿ ಮಾರ್ಪಡುತ್ತದೆ. ಇದಕ್ಕೆ ಪೀತಕಾಯವೆಂದು ಹೆಸರಿಡಬಹುದು. ಮೊಲಗಳಲ್ಲಿ ಇದನ್ನು ನಾಶಮಾಡಿದರೆ ಗರ್ಭವು ನಿಲ್ಲದೆಂದು ಜರ್ಮನಿಯ ಫ್ರೆಂಕೆಲನು ೧೯೦೩ರಲ್ಲಿ ತೋರಿಸಿದನು. ಅಂಡಾಶಯಗಳನ್ನು ತೆಗೆದ ಮೊಲಕ್ಕೆ ಪೀತಕಾಯದ ಸಾರವನ್ನು ಚುಚ್ಚಿ ಗರ್ಭವನ್ನು ಉಳಿಸಬಹುದೆಂದು ಅಮೆರಿಕದ ಕಾರ್ನರ್ ಮತ್ತು ಆಲನ್ ಎಂಬವರು ೧೯೨೯ರಲ್ಲಿ ಸಿದ್ಧಪಡಿಸಿದರು. ಆ ಸಾರದಲ್ಲಿದ್ದ ರಸವೇ ಪ್ರೊಜೆಸ್ಟೆರೋನ್. ಅದು ಗರ್ಭಾಶಯದ ಒಳಪೊರೆಯನ್ನು ಮೆತ್ತಗೆ ಹಾಸಿ ಸಿದ್ಧವಾಗಿಡುತ್ತದೆ.

ಗರ್ಭ ಕಟ್ಟದಿದ್ದರೆ ಪೀತಕಾಯವು ಸುಮಾರು ಹದಿನಾಲ್ಕು ದಿನಗಳಲ್ಲಿ ಬಾಡುತ್ತದೆ, ಮುಟ್ಟು ಬರುತ್ತದೆ. ಗರ್ಭ ಕಟ್ಟಿದರೆ ಅದು ಬಾಡಬಾರದು. ಬಾಡಬೇಡವೆಂದು ಅದಕ್ಕೆ ಹೇಳುವವರು ಯಾರು? ಪಿಂಡವೇ. ಗರ್ಭಾಶಯದ ಪೊರೆಯಲ್ಲಿ ನೆಲೆಗೊಂಡ ಪಿಂಡದ ಹೊರಕವಚ, ಎಂದರೆ ಮುಂದೆ ಜರಾಯು (ನಮ್ಮ ಮನೆಮಾತಿನ ಮಾಸು) ಆಗತಕ್ಕ ಭಾಗವು, ಎರಡನೆಯ ರಸವನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಇದರ ಹೆಸರು ಹ್ಯೂಮನ್ ಕೋರಿಯಾನಿಕ್ ಗೊನಡೋಟ್ರೋಪಿನ್, ಸಂಕ್ಷೇಪವಾಗಿ ಎಚ್.ಸಿ.ಜಿ. ಈ ಸಂದೇಶವನ್ನು ಪಡೆದ ಪೀತಕಾಯವು ಜರಾಯು ಬೆಳೆದು ತಾನೇ ಪ್ರೊಜೆಸ್ಟೆರೋನನ್ನು ತಯಾರಿಸುವವರೆಗೂ ಕೆಲಸವನ್ನು ನಿಲ್ಲಿಸುವುದಿಲ್ಲ. ಈ ಅಧಿಕಾರ ಹಸ್ತಾಂತರವು ಏಳನೆಯ ವಾರದಿಂದ ಒಂಬತ್ತನೆಯ ವಾರದೊಳಗೆ ನಡೆಯುತ್ತದೆಂಬುದು ೧೯೭೨-೭೩ರಲ್ಲಿ ಚಾಪೋ ಮೊದಲಾದವರ ಪ್ರಯೋಗಗಳಿಂದ ಸ್ಪಷ್ಟವಾಯಿತು. ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವುದು ವೈದ್ಯರ ಪದ್ಧತಿ. ಇಲ್ಲಿಯೂ ಹಾಗೆಯೇ ತಿಳಿಯತಕ್ಕುದು.

ಎಚ್.ಸಿ.ಜಿ.ಯನ್ನು ಕಂಡುಹಿಡಿಯುವ ಉಪಾಯವು ೧೯೨೭-೨೮ರಲ್ಲಿ ಬರ್ಲಿನ್ ನಗರದ ಆಷ್‌ಹೈಮ್ ಮತ್ತು ಝೊಂಡೆಕ್ ಎಂಬವರಿಂದ ಹೊರಬಂದಿತು. ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ಮೇಲೆ ಅವುಗಳ ಅಂಡಾಶಯವನ್ನು ನೋಡುವುದು ಅವರ ಕ್ರಮ. ಆಮೇಲೆ ಮೊಲವೂ ಆಫ್ರಿಕದ ಕಪ್ಪೆಯೂ ಈ ಕೆಲಸಕ್ಕೆ ಬಂದುವು. ಈ ಪ್ರಾಣಿಗಳು ಕೊಡುತ್ತಿದ್ದ ಉತ್ತರ ಹೌದು ಅಥವಾ ಇಲ್ಲ ಎಂಬುದಷ್ಟೆ. ೧೯೬೦ರಲ್ಲಿ ಸ್ವೀಡನ್ನಿನ ವೈಡ್ ಮತ್ತು ಗೆಮ್ಜೆಲ್ ಇವರು ಪ್ರಾಣಿಯಿಲ್ಲದೆ ಪರೀಕ್ಷಿಸುವ ಮಾರ್ಗವನ್ನು ತಂದರು. ೧೯೭೨ರಲ್ಲಿ ಅಮೆರಿಕದ ವೈಟುಕೈಟಿಸ್, ಬ್ರಾನ್‌ಸ್ಟೈನ್, ರಾಸ್ ಇವರು ಈ ರಸದ 'ಬೀಟಾ' ಎಂಬ ಭಾಗವನ್ನೇ ಗುರುತಿಸಿ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಇದನ್ನು ಇದರ ಸೋದರರಸವೊಂದರಿಂದ ನಿಖರವಾಗಿ ಬೇರ್ಪಡಿಸಲು ಆಗುತ್ತಿರಲಿಲ್ಲ. ಹೌದು ಇಲ್ಲಗಳ ಸ್ಥಾನದಲ್ಲಿ ಅಂಕೆ ಬಂದು ಕುಳಿತುದು ಹೀಗೆ.

ಆ ಅಂಕೆಯ ಸ್ವಭಾವವನ್ನು ನೋಡೋಣ. ಒಂದು ಮಿಲಿಲೀಟರು ರಕ್ತರಸದಲ್ಲಿ ಇಷ್ಟು ಮಿಲಿ ಅಂತರರಾಷ್ಟ್ರೀಯ ಮಾನಗಳೆಂದು ಇದನ್ನು ಹೇಳುತ್ತಾರೆ. ಸಾಮಾನ್ಯವಾಗಿ ಅಚ್ಚಾಗುವ ಕೋಷ್ಟಕದಂತೆ ನಾಲ್ಕನೆಯ ವಾರದಲ್ಲಿ ೫ ರಿಂದ ೪೨೬, ಐದನೆಯ ವಾರದಲ್ಲಿ ೧೮ ರಿಂದ ೭,೩೪೦, ಆರನೆಯ ವಾರದಲ್ಲಿ ೧,೦೮೦ ರಿಂದ ೫೬,೫೦೦ ಇರಬಹುದು. ವಾಚಕರು ಐದನೆಯ ವಾರದ ಎರಡು ತುದಿಗಳನ್ನು ಗಮನಿಸಬೇಕು: ಒಂದು ಇನ್ನೊಂದರ ನಾನೂರು ಪಟ್ಟಿಗೂ ಹೆಚ್ಚು, ಆದರೂ ಎರಡೂ ಆರೋಗ್ಯದ ಗರ್ಭವೇ ಆಗಿರಬಹುದು! ಈ ಅಂತರಕ್ಕೆ ಕಾರಣವಿದೆ. ಎಲ್ಲ ಸ್ತ್ರೀಯರಿಗೂ ಅಂಡವು ಹದಿನಾಲ್ಕನೆಯ ದಿನವೇ ಬಿಡುಗಡೆಯಾಗುವುದಿಲ್ಲ. ಪಿಂಡವು ನೆಲೆಗೊಳ್ಳುವ ದಿನವೂ ಒಂದೇ ಅಲ್ಲ. ವಿಲ್ಕಾಕ್ಸ್ ಮೊದಲಾದವರು ೧೯೯೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಂತ ಗರ್ಭಗಳಲ್ಲಿ ನೂರಕ್ಕೆ ೮೪ ಅಂಡವಿಸರ್ಜನೆಯ ಮೇಲೆ ಎಂಟರಿಂದ ಹತ್ತನೆಯ ದಿನದೊಳಗೆ ನೆಲೆಗೊಂಡಿದ್ದುವು. ಉಳಿದುವು ಆರನೆಯ ದಿನದಿಂದ ಹನ್ನೆರಡನೆಯ ದಿನದವರೆಗೆ ಚದರಿದ್ದುವು. ಈ ರಸವು ಎರಡು ಮೂರು ದಿನಗಳಿಗೊಮ್ಮೆ ಇಮ್ಮಡಿಯಾಗುವಂತಹುದಾದುದರಿಂದ ನಾಲ್ಕು ದಿನಗಳ ತಡವೊಂದೇ ಅಂಕೆಯನ್ನು ಕಾಲುಭಾಗಕ್ಕೆ ಇಳಿಸಬಲ್ಲುದು. ತೀರ ತಡವಾಗಿ ನೆಲೆಗೊಂಡ ಪಿಂಡಗಳಲ್ಲಿ ನಷ್ಟ ಹೆಚ್ಚೆಂಬುದನ್ನೂ ಅದೇ ಅಧ್ಯಯನವು ಕಂಡಿತು; ಆದರೆ ಒಂದು ಚೀಟಿಯ ಅಂಕೆಯಿಂದ ಇದನ್ನು ಅದರಿಂದ ಬೇರ್ಪಡಿಸಿ ಹೇಳಲಾಗದು.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದು ಪರಿಚಿತವಾದ ತೊಡಕೇ. ಒಂದೇ ಓಲೆಯ ಪ್ರತಿಯನ್ನು ನೋಡಿ ಕವಿಯ ಪಾಠ ಇದೇ ಎಂದು ಯಾವ ಸಂಪಾದಕನೂ ಸಾಧಿಸನು. ಇನ್ನೊಂದು ಪ್ರತಿಯನ್ನು ಅರಸುವನು. ವೈದ್ಯನೂ ನಲವತ್ತೆಂಟು ಗಂಟೆ ಕಾದು ಇನ್ನೊಂದು ಸಾರಿ ರಕ್ತವನ್ನು ತೆಗೆಯುತ್ತಾನೆ, ಅದೂ ಅದೇ ಪ್ರಯೋಗಶಾಲೆಯಲ್ಲಿ; ಏಕೆಂದರೆ ಬೇರೆ ಬೇರೆ ಶಾಲೆಗಳ ಅಳತೆಗಳು ತಮ್ಮತಮ್ಮಲ್ಲಿ ಹೊಂದದಿರಬಹುದು. ಎರಡನೆಯ ಅಂಕೆ ಎಷ್ಟು ಏರಿರಬೇಕು? ೧೯೮೧ರಲ್ಲಿ ಕಾದರ್ ಮೊದಲಾದವರು ಕನಿಷ್ಠ ನೂರಕ್ಕೆ ೬೬ ಎಂದರು. ಅವರು ನೋಡಿದ್ದು ಇಪ್ಪತ್ತು ಮಂದಿಯನ್ನು. ೨೦೦೪ರಲ್ಲಿ ಬಾರ್ನ್‌ಹಾರ್ಟ್ ಮೊದಲಾದವರು ೨೮೭ ಮಂದಿಯನ್ನು ನೋಡಿ, ಬದುಕುವ ಗರ್ಭಗಳಲ್ಲಿ ಅತ್ಯಂತ ನಿಧಾನವಾದ ಏರಿಕೆಯನ್ನು ನೂರಕ್ಕೆ ೫೩ಕ್ಕೆ ಇಳಿಸಿದರು. ೨೦೧೬ರಲ್ಲಿ ಮತ್ತೆ ತಿದ್ದುಪಡಿಯಾಯಿತು: ಮೊದಲ ಅಂಕೆ ೧,೫೦೦ಕ್ಕೆ ಕಡಮೆಯಿದ್ದರೆ ೪೯, ಅದಕ್ಕೂ ೩,೦೦೦ಕ್ಕೂ ನಡುವೆ ಇದ್ದರೆ ೪೦, ಇನ್ನೂ ಮೇಲಿದ್ದರೆ ೩೩. 'ಎರಡು ದಿನಕ್ಕೆ ಇಮ್ಮಡಿಯಾಗದಿದ್ದರೆ ಗರ್ಭ ಕೆಟ್ಟಿತು' ಎಂಬ ಮಾತು ಈಗಲೂ ಬಾಯಿಂದ ಬಾಯಿಗೆ ನಡೆಯುತ್ತಿದೆ. ಅದಕ್ಕೆ ಶಾಸ್ತ್ರದ ಬೆಂಬಲವಿಲ್ಲ. ಎಂಟು ಹತ್ತು ವಾರಗಳ ಹೊತ್ತಿಗೆ ಶಿಖರವನ್ನು ಮುಟ್ಟಿ ಈ ರಸವು ತಾನಾಗಿಯೇ ಇಳಿಯತೊಡಗುವುದೆಂಬುದನ್ನೂ ನೆನಪಿಡಬೇಕು. ಆಗಿನ ಇಳಿತವು ಅಶುಭಸೂಚನೆಯಲ್ಲ.

ಆರಂಭದ ದಿನಗಳಲ್ಲಿ ಅಂಕೆ ಇಳಿದರೆ ಗರ್ಭವು ಬೆಳೆಯುತ್ತಿಲ್ಲವೆಂಬುದು ಹೆಚ್ಚುಕಡಮೆ ನಿಶ್ಚಯ. ತೀರ ನಿಧಾನವಾಗಿ ಏರಿದರೆ ಎರಡು ಶಂಕೆಗಳು: ಒಂದು ಗರ್ಭಸ್ರಾವದ್ದು, ಇನ್ನೊಂದು ಪಿಂಡವು ಗರ್ಭಾಶಯದ ಹೊರಗೆ, ಬಹುತೇಕ ಗರ್ಭನಾಳದಲ್ಲಿ, ಸಿಕ್ಕಿಕೊಂಡಿರುವುದು. ಎರಡನೆಯದು ತಾಯಿಯ ಪ್ರಾಣಕ್ಕೆ ಸಂಬಂಧಿಸಿದ ವಿಷಯ. ಆದರೆ ಇಂತಹ ಸ್ಥಾನಭ್ರಷ್ಟ ಗರ್ಭಗಳಲ್ಲಿ ಕೆಲವು ಆರೋಗ್ಯದ ಗರ್ಭದಂತೆಯೇ ಅಂಕೆಯನ್ನು ಏರಿಸುತ್ತವೆ. ಆದಕಾರಣ ಹೊಟ್ಟೆಯ ಒಂದು ಮಗ್ಗುಲಲ್ಲಿ ತೀವ್ರವಾದ ನೋವು, ಭುಜದ ತುದಿಯ ನೋವು, ತಲೆಸುತ್ತಿ ಬೀಳುವುದು, ಅತಿಯಾದ ರಕ್ತಸ್ರಾವ ಇವು ಕಂಡಲ್ಲಿ ಯಾವ ಅಂಕೆಗೂ ಕಾಯದೆ ಆಸ್ಪತ್ರೆಗೆ ಹೋಗತಕ್ಕುದು.

ಹಾಗಾದರೆ ತೀರ್ಪು ಎಲ್ಲಿಂದ ಬರಬೇಕು? ಅಲ್ಟ್ರಾಸೌಂಡ್ ಚಿತ್ರದಿಂದ, ಅದಕ್ಕೂ ಒಮ್ಮೊಮ್ಮೆ ಕಾಲಾವಕಾಶ ಬೇಕು. ೨೦೧೩ರಲ್ಲಿ ಡೂಬಿಲೆಟ್, ಬೋರ್ನ್ ಮೊದಲಾದ ತಜ್ಞರು ಸೇರಿ ಕಟ್ಟುನಿಟ್ಟಾದ ಗಡಿಗಳನ್ನು ಹಾಕಿದರು. ಪಿಂಡದ ಉದ್ದ ೭ ಮಿಲಿಮೀಟರು ಆಗಿದ್ದೂ ಹೃದಯದ ಮಿಡಿತವಿಲ್ಲದಿದ್ದರೆ, ಅಥವಾ ಗರ್ಭಚೀಲದ ಸರಾಸರಿ ವ್ಯಾಸ ೨೫ ಮಿಲಿಮೀಟರು ಆಗಿದ್ದೂ ಒಳಗೆ ಪಿಂಡವೇ ಕಾಣದಿದ್ದರೆ, ಆಗ ಮಾತ್ರ ಗರ್ಭವು ಹೋಯಿತೆನ್ನಬಹುದು. ಅದಕ್ಕೆ ಕಡಮೆಯಾದುದೆಲ್ಲ ಶಂಕೆ; ಒಂದೆರಡು ವಾರ ಬಿಟ್ಟು ಮತ್ತೆ ನೋಡಬೇಕು. ಅವರು ಇಷ್ಟು ಬಿಗಿಮಾಡಿದ್ದಕ್ಕೆ ಕಾರಣವಿತ್ತು. ಅಂಕೆ ೨,೦೦೦ವನ್ನು ದಾಟಿದರೂ ಗರ್ಭಾಶಯದಲ್ಲಿ ಏನೂ ಕಾಣಲಿಲ್ಲವೆಂಬಷ್ಟರಿಂದಲೇ ಗರ್ಭವು ನಾಳದಲ್ಲಿದೆಯೆಂದು ಊಹಿಸಿ, ಕೋಶಗಳ ವಿಭಜನೆಯನ್ನು ತಡೆಯುವ ಮೆಥೋಟ್ರೆಕ್ಸೇಟ್ ಎಂಬ ಮದ್ದನ್ನು ಕೊಟ್ಟು, ಆಮೇಲೆ ಪಿಂಡವು ಗರ್ಭಾಶಯದಲ್ಲೇ ಇದ್ದುದು ತಿಳಿದುಬಂದ ಸಂದರ್ಭಗಳು ನಡೆದಿದ್ದುವು. ಬಯಸಿದ ಮಗುವನ್ನು ಕೈಯಾರೆ ಕಳೆದಂತೆ. ಅಮೆರಿಕದ ಪ್ರಸೂತಿತಜ್ಞರ ಕಾಲೇಜು ೨೦೧೮ರಲ್ಲಿ ಈ ಗಡಿಯನ್ನು ಬಳಸುವುದಾದರೆ ೩,೫೦೦ರಷ್ಟು ಎತ್ತರದಲ್ಲಿಡಬೇಕೆಂದು ಸೂಚಿಸಿತು.

ಇನ್ನು ಮೊದಲು ಹೇಳಿದ ಅನರ್ಥದ ಕಥೆ. ಬಾಸ್ಟನ್ನಿನ ಜಾರ್ಜ್ ಸ್ಮಿತ್ ಮತ್ತು ಆಲಿವ್ ಸ್ಮಿತ್ ಎಂಬ ದಂಪತಿಗಳು ಗರ್ಭಕ್ಕೆ ಕೇಡು ಬರುವ ಮುನ್ನ ಹಾರ್ಮೋನುಗಳು ಕುಗ್ಗುವುದನ್ನು ಕಂಡಿದ್ದರು. ಕಂಡದ್ದು ನಿಜವೇ. ಕುಗ್ಗಿದುದನ್ನು ಏರಿಸಿದರೆ ಗರ್ಭವು ಉಳಿದೀತೆಂದು ಅವರು ತರ್ಕಿಸಿದರು. ಪ್ರೊಜೆಸ್ಟೆರೋನನ್ನು ಹೆಚ್ಚಿಸುವುದೆಂದು ನಂಬಿ, ೧೯೩೮ರಲ್ಲಿ ಇಂಗ್ಲೆಂಡಿನಲ್ಲಿ ಕೃತಕವಾಗಿ ತಯಾರಾದ ಡೈಎಥಿಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ವಸ್ತುವನ್ನು ೧೯೪೦ರ ದಶಕದಲ್ಲಿ ಗರ್ಭಿಣಿಯರಿಗೆ ಕೊಟ್ಟು, ಗುಣವಾಯಿತೆಂದು ಬರೆದರು. ಮದ್ದು ವೇಗವಾಗಿ ಹರಡಿತು. ೧೯೫೩ರಲ್ಲಿ ಷಿಕಾಗೋವಿನ ಡೀಕ್‌ಮನ್ ಮೊದಲಾದವರು ಸುಮಾರು ೧,೬೦೦ ಗರ್ಭಿಣಿಯರಲ್ಲಿ ಅರ್ಧ ಮಂದಿಗೆ ಮದ್ದನ್ನೂ ಉಳಿದವರಿಗೆ ಮದ್ದಿಲ್ಲದ ಗುಳಿಗೆಯನ್ನೂ ಕೊಟ್ಟು ಹೋಲಿಸಿ, ಪ್ರಯೋಜನವೇನೂ ಇಲ್ಲವೆಂದು ಸಿದ್ಧಪಡಿಸಿದರು. ಆದರೂ ಕೊಡುವುದು ನಿಲ್ಲಲಿಲ್ಲ. ೧೯೭೧ರಲ್ಲಿ ಬಾಸ್ಟನ್ನಿನಿಂದಲೇ ಹರ್ಬ್ಸ್ಟ್ ಮೊದಲಾದವರು, ಎಳೆಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಕಾಣಿಸಿಕೊಂಡ ಯೋನಿಯ ಅಪೂರ್ವವಾದ ಅರ್ಬುದರೋಗವೊಂದನ್ನು ವಿಚಾರಿಸಿದರು. ಎಂಟು ಮಂದಿಯಲ್ಲಿ ಏಳು ಮಂದಿಯ ತಾಯಂದಿರು ಅವರನ್ನು ಹೊತ್ತಿದ್ದಾಗ ಆ ಮದ್ದನ್ನು ಸೇವಿಸಿದ್ದರು. ಅದೇ ವರ್ಷ ಅಮೆರಿಕದ ಸರ್ಕಾರವು ಗರ್ಭಿಣಿಯರಿಗೆ ಅದನ್ನು ಕೊಡಬಾರದೆಂದು ಎಚ್ಚರಿಸಿತು.

ತರ್ಕವು ತಪ್ಪಿದ್ದು ಎಲ್ಲಿ? ಎಣ್ಣೆ ತೀರಿದುದರಿಂದ ದೀಪ ಕುಂದಬಹುದು. ದೀಪ ಕುಂದಿದುದರಿಂದ ಎಣ್ಣೆ ತೀರದು. ಎಚ್.ಸಿ.ಜಿ.ಯು ಪಿಂಡದ ಕವಚದಿಂದಲೇ ಹುಟ್ಟತಕ್ಕದ್ದು. ಪಿಂಡವು ಬೆಳೆಯುವುದು ನಿಂತಾಗ ಅದು ಕುಗ್ಗುತ್ತದೆ, ಅದು ಕುಗ್ಗಿದಾಗ ಪೀತಕಾಯವೂ ಸೊರಗಿ ಪ್ರೊಜೆಸ್ಟೆರೋನೂ ಇಳಿಯುತ್ತದೆ. ಚೀಟಿಯಲ್ಲಿ ಕಾಣುವ ಕೊರತೆಯು ಬಹುಪಾಲು ಸಂದರ್ಭಗಳಲ್ಲಿ ನಡೆದುಹೋದುದರ ಗುರುತು.

ಹಾಗೆಂದು ಪ್ರೊಜೆಸ್ಟೆರೋನನ್ನು ಕೊಡುವುದು ಯಾವಾಗಲೂ ವ್ಯರ್ಥವೆನ್ನುವಂತಿಲ್ಲ. ಕಾರಣ ತಿಳಿಯದೆ ಪದೇ ಪದೇ ಗರ್ಭಸ್ರಾವವಾದ ೮೩೬ ಮಂದಿಯಲ್ಲಿ ನಡೆಸಿದ ಪರೀಕ್ಷೆಯಲ್ಲಿ (೨೦೧೫) ಅದರಿಂದ ಗಣನೀಯವಾದ ಲಾಭ ಕಾಣಲಿಲ್ಲ. ಗರ್ಭಾರಂಭದಲ್ಲಿ ರಕ್ತ ಕಂಡ ೪,೧೫೩ ಮಂದಿಯ ಪರೀಕ್ಷೆಯಲ್ಲಿ (೨೦೧೯) ಪಡೆದವರಲ್ಲಿ ನೂರಕ್ಕೆ ೭೫, ಪಡೆಯದವರಲ್ಲಿ ೭೨ ಮಂದಿಗೆ ಜೀವಂತ ಶಿಶು ಹುಟ್ಟಿತು. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಆದರೆ ಹಿಂದೆ ಮೂರು ಅಥವಾ ಹೆಚ್ಚು ಸಲ ಗರ್ಭ ನಿಲ್ಲದೆ ಈಗ ರಕ್ತ ಕಂಡವರಲ್ಲಿ ಅದು ೭೨ಕ್ಕೆ ೫೭ ಆಗಿತ್ತು. ಈ ಗುಂಪಿನವರಿಗೆ ಇಂದು ವೈದ್ಯರು ಅದನ್ನು ಕೊಡುವುದುಂಟು. ಇಲ್ಲಿಯೂ ಕೊಡುವುದಕ್ಕೆ ಆಧಾರ ಹಿಂದಿನ ಚರಿತ್ರೆಯೂ ರಕ್ತಸ್ರಾವವೂ ಹೊರತು ಚೀಟಿಯ ಅಂಕೆಯಲ್ಲವೆಂಬುದು ಗಮನಾರ್ಹ.

ಮೊದಲ ಮೂರು ತಿಂಗಳ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧಕ್ಕೆ ಪಿಂಡದ ವರ್ಣತಂತುಗಳ ಸಂಖ್ಯೆಯಲ್ಲಿ ಆದ ದೋಷವೇ ಕಾರಣವಾಗಿರುತ್ತದೆ. ಈ ದೋಷವು ಹೆಚ್ಚಾಗಿ ಅಂಡವು ಪಕ್ವವಾಗುವಾಗಲೇ, ಎಂದರೆ ಕೊಡ ಎತ್ತುವುದಕ್ಕೂ ಮೆಟ್ಟಿಲು ಹತ್ತುವುದಕ್ಕೂ ಬಹಳ ಮುಂಚೆ, ಸೇರಿಹೋಗಿರುತ್ತದೆ. ಸುಶ್ರುತಸಂಹಿತೆಯ ದೃಷ್ಟಾಂತದಲ್ಲಿ ನಾವು ಮರೆತ ಹುಳುವಿನ ಸ್ಥಾನ ಇದರದು. ವಿಲ್ಕಾಕ್ಸ್ ಮೊದಲಾದವರೇ ೧೯೮೮ರಲ್ಲಿ ೨೨೧ ಮಂದಿಯ ಮೂತ್ರವನ್ನು ಪ್ರತಿದಿನವೂ ಪರೀಕ್ಷಿಸಿದಾಗ ೧೯೮ ಗರ್ಭಗಳು ಕಂಡುವು. ಅವುಗಳಲ್ಲಿ ನೂರಕ್ಕೆ ೨೨ ಯಾರಿಗೂ ತಿಳಿಯುವ ಮುನ್ನವೇ, ತಡವಾದ ಮುಟ್ಟಿನಂತೆ ಮುಗಿದುಹೋಗಿದ್ದುವು. ಹಿಂದಿನ ಹೆಂಗಸರು ಇವನ್ನು ಎಣಿಸಿದವರಲ್ಲ, ಎಣಿಸಲು ಉಪಾಯವೂ ಇರಲಿಲ್ಲ. ಇಂದು ಮುಟ್ಟು ತಪ್ಪುವ ಮೊದಲೇ ಪರೀಕ್ಷೆ ಮಾಡಿಕೊಳ್ಳುವವಳಿಗೆ ಇವೂ ದುಃಖದ ಲೆಕ್ಕಕ್ಕೆ ಬರುತ್ತವೆ.

ಗರ್ಭವು ಹೋದ ಮೇಲೂ ರಕ್ತದಲ್ಲಿದ್ದ ಎಚ್.ಸಿ.ಜಿ. ಕೂಡಲೆ ಮಾಯವಾಗುವುದಿಲ್ಲ. ಅದು ಸೊನ್ನೆಯ ಹತ್ತಿರಕ್ಕೆ ಇಳಿಯಲು ಕೆಲವು ವಾರಗಳು ಹಿಡಿಯಬಹುದು. ಅಲ್ಲಿಯವರೆಗೆ ಮೂತ್ರಪರೀಕ್ಷೆಯ ಕಡ್ಡಿಯು ಬಸಿರಿದೆಯೆಂದೇ ತೋರಿಸುತ್ತಿರುತ್ತದೆ.