ನಿಮಗಿದು ಗೊತ್ತೆ? ಆಲದ ಹೂವು ಕಾಯಿಯೊಳಗೇ ಇದೆ!

ಆಲದ ಮರ ಹೂ ಬಿಟ್ಟಿದ್ದನ್ನು ನೋಡಿದ್ದೀರಾ? ಎಳೆಯ ಹಸಿರು ಕಾಯೊಂದನ್ನು ಉಗುರಿನಿಂದ ಸೀಳಿ. ಒಳಗೋಡೆಯ ತುಂಬ ಒತ್ತೊತ್ತಾಗಿ ನಿಂತ ಸಣ್ಣ ಎಳೆಗಳಿವೆಯಲ್ಲ, ಅವೇ ಹೂಗಳು. ಸಾಸಿವೆ ಕಾಳಿನಷ್ಟು ಪುಟ್ಟ ಕಣಜವೊಂದು ಕಾಯಿಯ ತುದಿಯ ಕಿರುಗಂಡಿಯಲ್ಲಿ ನುಸುಳಿ ಪರಾಗ ತಲುಪಿಸುತ್ತದೆ. ಆ ಇಕ್ಕಟ್ಟಿನಲ್ಲಿ ಅದರ ರೆಕ್ಕೆಯೇ ಕಿತ್ತುಹೋಗುವುದುಂಟು.

ಬೀಜ ಬಿತ್ತುವ ಕೆಲಸ ಹಕ್ಕಿಗಳದ್ದು. ಹಳೇ ಗೋಡೆಯ ಬಿರುಕಿನಲ್ಲಿ, ಈಚಲ ಮರದ ಸಂದಿನಲ್ಲಿ ಆಲ ಮೊಳೆಯುವುದು ಹಿಕ್ಕೆಯಲ್ಲಿ ಬಿದ್ದ ಬೀಜದಿಂದ. ನೀವೇ ಬೆಳೆಸುವುದಾದರೆ, ಬಲಿತ ಕೊಂಬೆ ಕಡಿದು ಮುಂಗಾರಿಗೆ ನೆಟ್ಟರೂ ಬೇರು ಬಿಡುತ್ತದೆ. ಆಮೇಲೆ ಬೇಕಾದದ್ದು ಬೇಸಿಗೆಯಲ್ಲಿ ನೀರು, ದನ-ಮೇಕೆ ಬಾಯಿ ಹಾಕದಂತೆ ಮುಳ್ಳುಬೇಲಿ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ, ಪತಿ ಚಿಕ್ಕಯ್ಯ ಬಿಂದಿಗೆಯಲ್ಲಿ ನೀರು ಹೊತ್ತು ಸುಮಾರು 385 ಆಲ ಉಳಿಸಿದ್ದು ಹೀಗೆಯೇ. ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂತು.

ಬಿಳಲನ್ನು ಹಳ್ಳಿಗರು ಹಲ್ಲುಜ್ಜಲು ಬಳಸುತ್ತಿದ್ದರು, ಸೊಪ್ಪು ಮೇಕೆಗೆ ಮೇವು. ಆದರೆ ರಸ್ತೆಬದಿಯ ಬಿಳಲನ್ನೆಲ್ಲ ಸವರಿಹಾಕುವುದು ಮರಕ್ಕೆ ಮಾಡುವ ದ್ರೋಹ. ನೆಲ ಮುಟ್ಟಿದ ಬಿಳಲು ದಪ್ಪವಾಗಿ ಕಂಬದಂತೆ ಕೊಂಬೆಯನ್ನು ಹೊರುತ್ತದೆ. ಬೆಂಗಳೂರು ಬಳಿ ರಾಮೋಹಳ್ಳಿಯ ದೊಡ್ಡ ಆಲದ ಮರದ ಮೂಲ ಕಾಂಡ ಎಂದೋ ಹೋಗಿದೆ. ಸುಮಾರು 3 ಎಕರೆ ಹಬ್ಬಿದ ಆ ಹಸಿರನ್ನು ಇಂದಿಗೂ ಹೊತ್ತು ನಿಂತಿರುವುದು ಬಿಳಲುಗಳೇ.

ಮನೆ ಗೋಡೆಗೆ, ಬಾವಿಗೆ ಹತ್ತಿರ ಮಾತ್ರ ಆಲ ನೆಡಬೇಡಿ. ಬೇರು ಕಟ್ಟಡವನ್ನು ಸೀಳುತ್ತದೆ. ಕೆರೆ ಏರಿಯಾಚೆ, ಗೋಮಾಳದಲ್ಲಿ ಜಾಗ ಹುಡುಕಿ.