ಹಸಿವನ್ನು ಓದುವ ಜೀನುಗಳು

ಬ್ಯಾಕ್ಟೀರಿಯಾಗಳು ಒಂದು ಮೇಲ್ಮೈಗೆ ಅಂಟಿಕೊಂಡು, ತಾವೇ ಸ್ರವಿಸಿದ ಸಕ್ಕರೆ ಮತ್ತು ಪ್ರೋಟೀನುಗಳ ಅಂಟಿನೊಳಗೆ ಕೂಡಿ ಬಾಳುವ ಪದರವೇ ಬಯೋಫಿಲ್ಮ್. ಬೆಳಿಗ್ಗೆ ಹಲ್ಲಿನ ಮೇಲೆ ನಾಲಿಗೆಗೆ ತಾಕುವ ಜಿಡ್ಡು ಇದೇ. ಇದನ್ನು ಕಟ್ಟಲು ಬ್ಯಾಕ್ಟೀರಿಯಾ ತನ್ನ ಶಕ್ತಿಯನ್ನು ಧಾರಾಳವಾಗಿ ಸುರಿಯಬೇಕು. ಹಾಗಾಗಿ ಸುತ್ತಲಿನ ಆಹಾರವನ್ನು ನೋಡಿಕೊಂಡೇ ಅದು ಕೆಲಸಕ್ಕೆ ಇಳಿಯುತ್ತದೆ. ಇ. ಕೊಲೈಯ ಅನೇಕ ತಳಿಗಳು ಪೋಷಕಾಂಶ, ಉಪ್ಪು ಎರಡೂ ಕಡಿಮೆಯಿದ್ದು, ಉಷ್ಣಾಂಶ 30 ಡಿಗ್ರಿ ದಾಟದಿದ್ದಾಗ ‘ಕರ್ಲಿ’ ಎಂಬ ನಾರು ನೇಯುತ್ತವೆ. ಸ್ಯೂಡೋಮೊನಾಸ್ ಫ್ಲೂರೆಸೆನ್ಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ದಾರಿಯೇ ಬೇರೆ: ಫಾಸ್ಫೇಟ್ ಬರಿದಾದರೆ ತನ್ನನ್ನು ಹಿಡಿದಿಟ್ಟ ಅಂಟು ಪ್ರೋಟೀನನ್ನು ತಾನೇ ಕತ್ತರಿಸಿಕೊಂಡು ಗುಳೆ ಹೊರಡುತ್ತದೆ.

ಆಹಾರಕ್ಕೂ ಅಂಟಿಗೂ ಇರುವ ಈ ನಂಟನ್ನು ಬಿಚ್ಚಿ ಬೇರೆ ರೀತಿಯಲ್ಲಿ ಜೋಡಿಸುವುದೇ ಜೀನ್ ಎಂಜಿನಿಯರಿಂಗ್ ಇಲ್ಲಿ ಮಾಡುವ ಕೆಲಸ. ಜೀನಿನ ಮುಂದಿರುವ ಪ್ರಮೋಟರ್ ಎಂಬ ಡಿಎನ್‌ಎ ತುಣುಕು ಆ ಜೀನನ್ನು ಯಾವಾಗ ಓದಬೇಕೆಂದು ತೀರ್ಮಾನಿಸುತ್ತದೆ. ಅರಬಿನೋಸ್ ಎಂಬ ಸಕ್ಕರೆಗೆ ಓಗೊಡುವ ಪ್ರಮೋಟರ್ ಪ್ರಯೋಗಾಲಯಗಳಲ್ಲಿ ಬಹಳ ಬಳಕೆಯಲ್ಲಿದೆ. ಕರ್ಲಿಯ ಎಳೆಗೆ ಮೂಲವಾದ ಸಿಎಸ್‌ಜಿಎ ಜೀನನ್ನು ಅದರ ಸ್ವಂತ ಜಾಗದಿಂದ ಅಳಿಸಿ, ಈ ಪ್ರಮೋಟರಿನ ಹಿಂದೆ ಕೂರಿಸಿದರೆ ಅರಬಿನೋಸ್ ಹಾಕಿದಾಗ ನಾರು ಹುಟ್ಟುತ್ತದೆ. ಗ್ಲೂಕೋಸ್ ಬೆರೆಸಿದರೆ ಕೋಶದೊಳಗೆ ಈ ಪ್ರಮೋಟರಿಗೆ ಬೇಕಾದ ಸೈಕ್ಲಿಕ್ ಎಎಂಪಿ ಎಂಬ ಅಣು ಇಳಿದುಹೋಗಿ ನೇಯ್ಗೆ ಕುಗ್ಗುತ್ತದೆ. ಒಂದು ಸಕ್ಕರೆ ತೆರೆದ ಬೀಗವನ್ನು ಇನ್ನೊಂದು ಸಕ್ಕರೆ ಹಾಕುವುದು ನಿಜಕ್ಕೂ ಸೊಗಸಾದ ಏರ್ಪಾಡು.

ಆದರೆ ಇದು ಹೇಳಿದಷ್ಟು ಸಲೀಸಲ್ಲ. ಬ್ಯಾಕ್ಟೀರಿಯಾ ಅರಬಿನೋಸನ್ನು ತಿಂದು ಮುಗಿಸಿದೊಡನೆ ಸ್ವಿಚ್ಚೂ ಆರುತ್ತದೆ; ಅದಕ್ಕೇ ಆ ಸಕ್ಕರೆಯನ್ನು ಅರಗಿಸಲಾರದ ತಳಿಗಳನ್ನು ಆರಿಸಿಕೊಳ್ಳುತ್ತಾರೆ. ಅರೆಬರೆ ಸಕ್ಕರೆ ಕೊಟ್ಟರೆ ಎಲ್ಲ ಕೋಶಗಳೂ ಅರೆಬರೆ ನೇಯುವುದಿಲ್ಲ, ಕೆಲವು ಪೂರ್ತಿ ನೇಯುತ್ತವೆ, ಉಳಿದವು ಸುಮ್ಮನಿರುತ್ತವೆ. ಇನ್ನು ನೇಯುವ ಜೀನು ಕೆಟ್ಟುಹೋದ ಕೋಶಗಳಿಗೆ ಆ ಹೊರೆಯೇ ಇಲ್ಲದ ಕಾರಣ ಅವು ಬೇಗ ಬೆಳೆದು ಮಿಕ್ಕವನ್ನು ಹಿಂದಿಕ್ಕಬಲ್ಲವು.

2014ರಲ್ಲಿ ಅಮೆರಿಕದ ಎಂಐಟಿಯ ತಿಮೋತಿ ಲೂ ತಂಡ ಸಕ್ಕರೆಯ ಬದಲು ಬೇರೆ ರಾಸಾಯನಿಕ ಸಂಕೇತಗಳಿಂದ ಇದೇ ಜೀನನ್ನು ನಿಯಂತ್ರಿಸಿತು. ಎಳೆಗಳಿಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಬಾಲ ಅಂಟಿಸಿದ್ದರಿಂದ ಅವು ಚಿನ್ನದ ನ್ಯಾನೋಕಣಗಳನ್ನು ಹಿಡಿದುಕೊಂಡವು. ಬಯೋಫಿಲ್ಮಿನಲ್ಲಿ ವಿದ್ಯುತ್ ಹರಿಯಿತು.

ಪ್ರಯೋಗಾಲಯದ ಆಚೆ, ಹೊಲದ ಮಣ್ಣಿಗೋ ಕೊಳಚೆ ನೀರಿಗೋ ಅರಬಿನೋಸ್ ಸುರಿಯುವುದು ಆಗದ ಮಾತು. ಅಲ್ಲಿ ಆಗಲೇ ಇರುವ ಪೋಷಕಾಂಶವನ್ನೇ ಸಂಕೇತವಾಗಿಸಬೇಕು. ಫಾಸ್ಫೇಟ್ ತೀರಿದಾಗ ಎಚ್ಚರಗೊಳ್ಳುವ ಪ್ರಮೋಟರುಗಳು ಇ. ಕೊಲೈಯಲ್ಲೇ ಇವೆ. ಅವುಗಳ ಹಿಂದೆ ನಾರಿನ ಜೀನನ್ನು ಇಟ್ಟರೆ, ನೀರಿನಲ್ಲಿ ಫಾಸ್ಫೇಟ್ ಮುಗಿಯುವವರೆಗೆ ಈಜಾಡಿ, ಮುಗಿದ ಮೇಲೆ ನೆಲೆನಿಲ್ಲುವ ತಳಿಯನ್ನು ರೂಪಿಸಬಹುದು.