ಮನೆಯಲ್ಲಿ ಕಟ್ಟಿದ ಎಲ್‌ಇಡಿ ದೀಪ ಏಕೆ ಸುಡುತ್ತದೆ?



ಮಳೆಗಾಲದ ಗಾಳಿಗೆ ಮರ ಬಿದ್ದು ತಂತಿ ಹರಿಯಿತೆಂದರೆ ನಮ್ಮ ಕರಾವಳಿಯ ಹಳ್ಳಿಗಳಲ್ಲಿ ರಾತ್ರಿಯೆಲ್ಲ ಕತ್ತಲೆ. ಆಕಳು ಕರು ಹಾಕುವುದು ಅಂಥ ರಾತ್ರಿಯೇ. ಕೊಟ್ಟಿಗೆಗೆ ಹಾವು ಬರುವುದೂ ಆಗಲೇ. ಅಂಕೋಲೆ ಸೀಮೆಯ ಭಾವಿಕೇರಿಯಂಥ ಊರಿನಲ್ಲಿ ಒಂದು 12 ವೋಲ್ಟಿನ ಬ್ಯಾಟರಿ, ಒಂದು ಸಣ್ಣ ಸೋಲಾರ್ ಹಲಗೆ, ಮೂರು ಎಲ್‌ಇಡಿ ಇದ್ದರೆ ಕೊಟ್ಟಿಗೆಗೆ ದೀಪ ಕಟ್ಟಿಕೊಳ್ಳಬಹುದು. ಕಟ್ಟುವುದು ಸುಲಭ. ಆದರೆ ಎಂಟು ದಿನಕ್ಕೇ ಅದು ಸುಟ್ಟುಹೋದರೆ? "ಮಾಲು ಕೆಟ್ಟದ್ದು" ಎಂದು ಅಂಗಡಿಯವನನ್ನು ಬಯ್ಯುವ ಮೊದಲು ಎರಡು ಸಂಗತಿ ನೋಡಿರಿ. ಒಂದು ಕರೆಂಟು, ಇನ್ನೊಂದು ಬಿಸಿ.

ಮೊದಲು ಕರೆಂಟಿನ ವಿಚಾರ. ಗಜನಿ ಗದ್ದೆಯ ಕಟ್ಟನ್ನು ನೆನಪು ಮಾಡಿಕೊಳ್ಳಿರಿ. ಹೊಳೆಯ ನೀರು ಕಟ್ಟಿಗಿಂತ ಕೆಳಗಿರುವ ತನಕ ಗದ್ದೆಗೆ ಏನೂ ಬರುವುದಿಲ್ಲ. ಕಟ್ಟಿನ ಮೇಲೆ ನಾಲ್ಕು ಬೆರಳು ಏರಿತೋ, ಗದ್ದೆಯೆಲ್ಲ ನೀರು! ಎಲ್‌ಇಡಿಯ ಸ್ವಭಾವವೂ ಹಾಗೆಯೇ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟು ಸಾಕು. ಅದರ ಮೇಲೆ ಸ್ವಲ್ಪವೇ ಏರಿದರೂ ಕರೆಂಟು ಬಹಳ ನುಗ್ಗುತ್ತದೆ. ಬಿಸಿಯಾದಂತೆ ಕಟ್ಟು ಇನ್ನಷ್ಟು ತಗ್ಗುತ್ತದೆ, ಕರೆಂಟು ಮತ್ತೂ ಹೆಚ್ಚುತ್ತದೆ. ಅದಕ್ಕೇ ನೀರಿಗೆ ಹಲಗೆ ಬಾಗಿಲು ಇಟ್ಟಂತೆ ಇಲ್ಲಿ ರೆಸಿಸ್ಟರು ಇಡಬೇಕು. 2015ರಲ್ಲಿ ಉಜಾಲಾ ಯೋಜನೆ ಶುರುವಾದ ಮೇಲೆ ಮನೆಮನೆಗೆ ಬಂದ ಬಲ್ಬುಗಳ ಹೊಟ್ಟೆಯಲ್ಲಿ ಕರೆಂಟನ್ನು ಅಳೆದು ಕೊಡುವ ಡ್ರೈವರು ಇರುತ್ತದೆ. ನಾವು ಕಟ್ಟಿದ ದೀಪದಲ್ಲಿ ಆ ಕೆಲಸ ನಾವೇ ಮಾಡಬೇಕು.

ಲೆಕ್ಕ ಹೇಗೆ? 1 ವ್ಯಾಟಿನ ಎಲ್‌ಇಡಿಗೆ ಸಾಮಾನ್ಯವಾಗಿ 350 ಮಿಲಿ ಆಂಪಿಯರು ಮೇಲಿನ ಮಿತಿ. ಮೂರನ್ನು ಒಂದರ ಹಿಂದೆ ಒಂದು ಜೋಡಿಸಿದರೆ 9 ವೋಲ್ಟು. 12ರಲ್ಲಿ 9 ಕಳೆದರೆ ಉಳಿದದ್ದು 3. ಇದಕ್ಕೆ 10 ಓಮ್ ರೆಸಿಸ್ಟರು ಹಾಕಿದರೆ 300 ಮಿಲಿ ಆಂಪಿಯರು. ಸರಿಯಾಯಿತು ಅನ್ನುತ್ತೀರಿ. ಇಲ್ಲೇ ಇರುವುದು ತಪ್ಪು. 12 ಎಂಬುದು ಬ್ಯಾಟರಿಯ ಹೆಸರು ಅಷ್ಟೆ. ಬಿಸಿಲಿಗೆ ಚಾರ್ಜು ಏರುವಾಗ ಅದು 14.4 ವೋಲ್ಟಿನ ತನಕ ಹೋಗುತ್ತದೆ. ಆಗ ಉಳಿಯುವುದು 5.4 ವೋಲ್ಟು, ಅದೇ 10 ಓಮಿನಲ್ಲಿ 540 ಮಿಲಿ ಆಂಪಿಯರು ಹರಿಯುತ್ತದೆ! ದೀಪ ಸುಡದೆ ಏನು ಮಾಡೀತು?

ಆದುದರಿಂದ ಲೆಕ್ಕವನ್ನು 14.4ಕ್ಕೇ ಹಾಕಿರಿ. 5.4ನ್ನು 18 ಓಮಿನಿಂದ ಭಾಗಿಸಿದರೆ 300 ಮಿಲಿ ಆಂಪಿಯರು ಬರುತ್ತದೆ. ರೆಸಿಸ್ಟರಿನಲ್ಲೇ ಒಂದೂವರೆ ವ್ಯಾಟಿಗೂ ಹೆಚ್ಚು ಬಿಸಿ ಹುಟ್ಟುವುದರಿಂದ 5 ವ್ಯಾಟಿನದ್ದನ್ನೇ ಕೇಳಿ ತನ್ನಿರಿ. ರಾತ್ರಿ ಬೆಳಕು ತುಸು ಮಂದವಾದೀತು. ಆಗಲಿ, ದೀಪ ಬಾಳುತ್ತದೆ. ಎರಡು ಸಾಲು ಕಟ್ಟುವುದಾದರೆ ಸಾಲಿಗೊಂದು ಬೇರೆ ರೆಸಿಸ್ಟರು ಬೇಕು.

ಇನ್ನು ಬಿಸಿಯ ವಿಚಾರ. ಎಲ್‌ಇಡಿಯ ಮುಂದೆ ಕೈ ಹಿಡಿದರೆ ತಂಪಾಗಿಯೇ ಇರುತ್ತದೆ. ಅಷ್ಟಕ್ಕೆ ಮೋಸ ಹೋಗಬೇಡಿರಿ. ಅದಕ್ಕೆ ಕೊಟ್ಟ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ ಬೆನ್ನಿನ ಕಡೆಗೆ ಹೋಗುತ್ತದೆ. ಹುಳ, ಮಳೆ ಬರದಿರಲೆಂದು ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬಿಸಿ ಎಲ್ಲಿಗೆ ಹೋದೀತು? 3 ವ್ಯಾಟಿನ ದೀಪಕ್ಕೆ 10 ಸೆಂಟಿಮೀಟರು ಚೌಕದ, 2 ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ತಗಡು ಬೇಕು. ಅದರ ಎರಡು ಮೈಗೂ ಗಾಳಿ ಆಡಬೇಕು. ಎಲ್‌ಇಡಿಯ ಅಡಿಗೆ ಬಿಸಿ ದಾಟಿಸುವ ಪೇಸ್ಟನ್ನು ತೆಳ್ಳಗೆ ಸವರಿ, ಸ್ಕ್ರೂ ಬಿಗಿದು ಕೂರಿಸಿರಿ. ಅರ್ಧ ಗಂಟೆ ಉರಿಸಿ, ದೀಪ ಆರಿಸಿ, ತಗಡಿಗೆ ಬೆರಳು ಇಟ್ಟು ನೋಡಿರಿ. ಐದು ಎಣಿಸುವಷ್ಟು ಹೊತ್ತು ಇಡಲಾರದಷ್ಟು ಸುಟ್ಟರೆ ತಗಡು ಸಾಲದು, ಇಲ್ಲವೆ ಕರೆಂಟು ಹೆಚ್ಚಾಗಿದೆ.

ದೀಪ ಕೆಟ್ಟಾಗ ಹೀಗೆ ಹುಡುಕಿರಿ:

ಸಾಲಿನ ಮೂರೂ ಒಟ್ಟಿಗೆ ಆರಿದರೆ, ಒಂದು ಎಲ್‌ಇಡಿ ಕಡಿದಿದೆ ಅಥವಾ ಒಂದು ಬೆಸುಗೆ ಬಿಟ್ಟಿದೆ.

ಒಂದು ಮಾತ್ರ ಆರಿ ಎರಡು ಹೆಚ್ಚು ಉಜ್ವಲವಾಗಿ ಉರಿದರೆ, ಆರಿದ್ದು ಒಳಗೇ ಶಾರ್ಟ್ ಆಗಿದೆ. ಕೂಡಲೇ ಆರಿಸಿರಿ, ಉಳಿದೆರಡಕ್ಕೆ ಹೆಚ್ಚು ಕರೆಂಟು ಹೋಗುತ್ತಿದೆ.

ಬಿಸಿಯಾದಾಗ ಮಿಣುಕಿ, ತಣಿದ ಮೇಲೆ ಸರಿಯಾದರೆ, ಬೆಸುಗೆ ಸಡಿಲವಾಗಿರಬಹುದು.

ಬೆಳಕು ನೀಲಿಗೆ ತಿರುಗಿದರೆ, ಬಿಸಿಗೆ ಲೇಪ ಹಾಳಾಗಿರಬಹುದು. ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಲೇಪ. ಆ ನೀಲಿ ಎಲ್‌ಇಡಿಯನ್ನು ಕಂಡುಹಿಡಿದ ಅಕಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು.

ಬರಬರುತ್ತ ಎಲ್ಲವೂ ಮಂದವಾದರೆ, ಬ್ಯಾಟರಿಯ ಬಾಯಲ್ಲೂ ದೀಪದ ಬಾಯಲ್ಲೂ ವೋಲ್ಟು ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ತಂತಿ ಸಣ್ಣದು, ಇಲ್ಲವೆ ಕಡಲ ಉಪ್ಪುಗಾಳಿಗೆ ಗಂಟು ಹಸಿರುಗಟ್ಟಿದೆ. ಕೆರೆದು, ಬೆಸೆದು, ಟೇಪು ಸುತ್ತಿರಿ.

ಕರೆಂಟು ಅಳೆಯುವಾಗ ಮಲ್ಟಿಮೀಟರನ್ನು 10 ಆಂಪಿಯರಿನ ತೂತಿಗೆ ಹಾಕಿ ದೀಪದ ದಾರಿಯ ನಡುವೆ ಸೇರಿಸಿರಿ. ಬ್ಯಾಟರಿಯ ಎರಡು ತುದಿಗೆ ನೇರ ಹಿಡಿಯಲೇಬೇಡಿರಿ. ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆಯ ಮೇಲೆ ಒಮ್ಮೆ ಅಳೆಯಿರಿ. ಎರಡು ಸಲವೂ 350 ದಾಟಕೂಡದು.

ಕೊನೆಗೆ ಎರಡು ಎಚ್ಚರಿಕೆಯ ಮಾತು. ಬ್ಯಾಟರಿಯ ಕೂಡು ತಂತಿಗೆ, ಬ್ಯಾಟರಿಯ ಹತ್ತಿರವೇ, 2 ಆಂಪಿಯರಿನ ಫ್ಯೂಜು ಇರಲಿ. ಇಲಿ ತಂತಿ ಕಡಿದರೆ ಆ ಫ್ಯೂಜೇ ನಿಮ್ಮ ಹುಲ್ಲಿನ ಗೊಣಬೆಯನ್ನು ಬೆಂಕಿಯಿಂದ ಕಾಯುವುದು. ಮತ್ತೆ, ಇಷ್ಟೆಲ್ಲ ಹೇಳಿದ್ದು 12 ವೋಲ್ಟಿನ ದೀಪಕ್ಕೆ ಮಾತ್ರ. ಕಂಬದಿಂದ ಬರುವ 230 ವೋಲ್ಟಿನ ಬಲ್ಬನ್ನು ಬಿಚ್ಚಿ ಕೈ ಹಾಕಬೇಡಿರಿ. ಅದು ಜೀವಕ್ಕೆ ಅಪಾಯ.

ಬರುವ ಮಳೆಗಾಲಕ್ಕೆ ಮುಂಚೆಯೇ ಒಂದು ಸಂಜೆ ಬಿಡುವು ಮಾಡಿಕೊಂಡು ದೀಪವನ್ನು ಅಳೆದು ನೋಡಿರಿ.